ನಿದ್ದೆಗಣ್ಣಿನ ವಿಮರ್ಶೆ

ಸಿನಿಮಾ ವಿಮರ್ಶೆ ಬರೆದು ಹೊಟ್ಟೆ ಹೊರೆಯುವವನಿಗೆ ಮಾನ ಹೋಗುವ ಸಂದರ್ಭಗಳಿಗೇನೂ ಬರವಿಲ್ಲ. ಮೊನ್ನೆ ಮೂರೂವರೆ ಗಂಟೆಯ ಕಲಾತ್ಮಕ ಪತ್ತೇದಾರಿ ಚಿತ್ರವೊಂದು ಬಂತು. ಬೇಗೂರು ಕೆರೆಯ ಹತ್ತಿರ ಒಬ್ಬ ಪೋಸ್ಟ್‌ಮ್ಯಾನ್ ಕಾಣೆಯಾಗುತ್ತಾನೆ. ಎಲ್ಲಿಗೆ, ಯಾಕೆ ಅಂತ ಕೊನೆಯವರೆಗೂ ಯಾರೂ ಹೇಳುವುದಿಲ್ಲ. ಬೆಳಗಿನ ಪ್ರದರ್ಶನದಲ್ಲೇ ನಾನು ಮಧ್ಯೆ ಮುಕ್ಕಾಲು ಗಂಟೆ ಗಡದ್ದಾಗಿ ನಿದ್ದೆ ಹೊಡೆದೆ. ನಮ್ಮ ಸಂಪಾದಕರು ಮೊದಲೇ ಎಚ್ಚರಿಸಿದ್ದರು: "ಇನ್ನೊಂದ್ಸಲ ಥಿಯೇಟರ್‌ನಲ್ಲಿ ಮಲಗಿದ್ದು ಗೊತ್ತಾದ್ರೆ ನಿಮ್ಮನ್ನ ರಾಶಿಭವಿಷ್ಯ ಬರೆಯೋಕೆ ಹಾಕ್ತೀನಿ."

ಹಾಗಾಗಿ ಈ ಗುಟ್ಟು ಕಾಪಾಡುವುದೇ ಆ ವಾರದ ನನ್ನ ಕೆಲಸವಾಯಿತು.

೧. ಪಕ್ಕದ ಸೀಟು

ಚಿತ್ರ ಮುಗಿದ ಮೇಲೆ ಜಯನಗರದ ಆ ಥಿಯೇಟರ್ ಹೊರಗೆ ವಿಮರ್ಶಕರೆಲ್ಲ ಗಂಭೀರವಾಗಿ ಕಾಫಿ ಕುಡಿಯುತ್ತಿದ್ದರು. ಪಕ್ಕದ ಸೀಟಿನಲ್ಲಿದ್ದ ವಿಮರ್ಶಕಿಯನ್ನು ಮೆಲ್ಲಗೆ ಕೇಳಿದೆ: "ಮೇಡಂ, ಮಧ್ಯದಲ್ಲಿ ಏನಾಯ್ತು? ನನಗೆ ಸ್ವಲ್ಪ ಕಣ್ಣು ಹತ್ತಿಬಿಡ್ತು."

"ಅಯ್ಯೋ ಪುಣ್ಯವಂತರು! ನಾನು ಪೂರ್ತಿ ಎಚ್ಚರವಾಗಿದ್ದೆ. ಆದ್ರೂ ನಿಮ್ಮನ್ನೇ ಕೇಳೋಣ ಅಂತಿದ್ದೆ" ಅಂದರು.

೨. ಓನರ್ ಅಂಕಲ್

ನೋಡದ ಭಾಗವನ್ನು 'ಚಿತ್ರದ ಆತ್ಮವೇ ಆದ ಆಳವಾದ ಮೌನ' ಅಂತ ಹೊಗಳಿ ಬರೆದು ಪಾರಾದೆ. ಪತ್ರಿಕೆ ಬಂದ ದಿನ ಬೇಗೂರಿನ ನಮ್ಮ ಮನೆ ಓನರ್ ಮೆಟ್ಟಿಲು ಹತ್ತಿ ಬಂದರು. ಹೊಲದ ಜಾಗದಲ್ಲಿ ನಾಲ್ಕು ಮನೆ ಕಟ್ಟಿಸಿದ್ದರೂ ಅವರು ಒಂದು ಎಮ್ಮೆಯನ್ನು ಮಾತ್ರ ಬಿಟ್ಟಿಲ್ಲ.

"ಏನ್ ಸಾರ್, ನಮ್ ಎಮ್ಮೆ ಬಗ್ಗೆ ಒಂದಕ್ಷರ ಬರ್ದಿಲ್ವಲ್ಲ! ಇನ್ನೊಂದು ಪೇಪರ್‌ನೋರು ಅದು ಎಮ್ಮೆಯಲ್ಲ, ಸಾಕ್ಷಾತ್ ಕಾಲ ಅಂತ ಬರ್ದವ್ರೆ."

ಆ ಎಮ್ಮೆ ತೆರೆಯ ಮೇಲೆ ಬಂದದ್ದು ನಾನು ನಿದ್ದೆಯಲ್ಲಿದ್ದಾಗ ಎಂದು ಆಗಲೇ ತಿಳಿದದ್ದು. "ಅಮೋಘ ಅಭಿನಯ ಅಂಕಲ್" ಅಂದೆ.

"ಶೂಟಿಂಗ್ ದಿನ ಎಷ್ಟೊತ್ತಾದ್ರೂ ಕೆರೆಯಿಂದ ಏಳ್ಲಿಲ್ಲ, ಹಾಳಾದ್ದು. ಸಿನಿಮಾದಲ್ಲಿ ಎದ್ದಂಗ್ ತೋರ್ಸವ್ರಾ, ಇಲ್ವಾ?"

"ಅದನ್ನ ಪ್ರೇಕ್ಷಕರ ಊಹೆಗೇ ಬಿಟ್ಟಿದ್ದಾರೆ."

"ಊಹೆ ಎಂಥದ್ದು? ಕೊನೆಗೆ ಕೋಲು ತಗೊಂಡು ಎಬ್ಬಿಸ್ದೋನು ನಾನೇ ಅಲ್ವಾ!"

೩. ನಿರ್ದೇಶಕರು

ಮರುದಿನ ನಿರ್ದೇಶಕರೇ ಫೋನ್ ಮಾಡಿ ಬನಶಂಕರಿಯ ಒಂದು ಹೋಟೆಲಿಗೆ ಕರೆದರು. ಹೋದೆ. ಅವರು ನನ್ನ ವಿಮರ್ಶೆಯನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದರು.

"ಆಳವಾದ ಮೌನ ಅಂತ ಬರೆದಿದ್ದೀರಿ. ಅಲ್ಲಿ ಮೌನ ಇಲ್ಲ ಸಾರ್, ಎಂಟು ನಿಮಿಷ ತಮಟೆ ಇದೆ."

ಕೈಯಲ್ಲಿದ್ದ ಇಡ್ಲಿಯನ್ನು ಸಾಂಬಾರಿನಲ್ಲಿ ಮತ್ತೆ ಮತ್ತೆ ಅದ್ದತೊಡಗಿದೆ.

"ನಾನು ನಿಮ್ಮ ಹಿಂದಿನ ಸಾಲಲ್ಲೇ ಕೂತಿದ್ದೆ" ಅಂದರು.

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ತಪ್ಪಾಯ್ತು ಸಾರ್. ದಯವಿಟ್ಟು ನಮ್ಮ ಸಂಪಾದಕರಿಗೆ ಹೇಳ್ಬೇಡಿ."

"ಛೆ, ಛೆ, ಅದ್ಯಾಕೆ ಹೇಳಲಿ? ಬೇರೆ ವಿಮರ್ಶಕರೆಲ್ಲ ಅದ್ಭುತ ಅಂದ್ರು, ಒಬ್ರೂ ನಿಜ ಹೇಳ್ಲಿಲ್ಲ. ತಮಟೆಗೂ ನೀವು ಏಳಲಿಲ್ಲ ಅಂದ್ಮೇಲೆ ದೋಷ ನನ್ನದೇ. ನೀವು ಮಲಗಿದ ಕಡೆಯಿಂದ ಎದ್ದ ಕಡೆವರೆಗೂ ಕತ್ತರಿಸಿಬಿಟ್ಟೆ."

ಹೋದ ಜೀವ ಬಂದ ಹಾಗಾಯಿತು. ಅಬ್ಬಾ, ರಾಶಿಭವಿಷ್ಯ ತಪ್ಪಿತು! ಎರಡು ಸಲ ಕೈಮುಗಿದು ಏಳುವುದರಲ್ಲಿದ್ದೆ. ಅವರು ಕೈ ಹಿಡಿದು ಕೂರಿಸಿದರು.

"ನಾಳೆ ಹೊಸ ಕಾಪಿ ಹಾಕ್ತಿದ್ದೀನಿ. ಹೊಟ್ಟೆ ತುಂಬ ತಿಂಡಿ ತಿಂದ್ಕೊಂಡು ಬಂದ್ಬಿಡಿ ಸಾರ್. ಇನ್ನೂ ಅರ್ಧ ಗಂಟೆ ಕಮ್ಮಿ ಮಾಡ್ಬೇಕು."