ಎಮಿಲ್‌ನ ಸಹಿ ಮುಷ್ಕರ

ಪಿಂಗಾಣಿ ಕಾರ್ಖಾನೆಯವರು ನನಗೆ ಇನ್ನೂ ಮೂರು ವಾರದ ಸಂಬಳ ಕೊಡಬೇಕು. ಕಾರ್ಖಾನೆ ಮುಚ್ಚಿತು, ಚಿಮಣಿ ಉರುಳಿತು, ಮಾಲೀಕ ಗೋರಿ ಸೇರಿದ, ಆ ಜಾಗದಲ್ಲಿ ಈಗ ಟೈರ್ ಅಂಗಡಿ ಇದೆ. ಆದರೂ ಬಾಕಿ ಬಾಕಿಯೇ. ಕಾಫಿ ಕಪ್ಪುಗಳಿಗೆ ಹಿಡಿ ಅಂಟಿಸುವುದು ನನ್ನ ಕೆಲಸವಾಗಿತ್ತು. ಒಹಾಯೊ ನದಿಯ ಈ ದಂಡೆಯಲ್ಲಿ ಕಾಫಿ ಕುಡಿದವರೆಲ್ಲ ಒಂದಲ್ಲ ಒಂದು ದಿನ ನಾನು ಅಂಟಿಸಿದ ಹಿಡಿ ಹಿಡಿದವರೇ. ಅಲ್ಲಿ ಮುಷ್ಕರ ಹೂಡಿದಾಗ ಇಡೀ ಚಳಿಗಾಲ ಗೇಟಿನ ಮುಂದೆ ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ನಿಂತವಳು ನಾನು. ಹಾಗಾಗಿ ಗ್ಯಾಸ್ ಕಂಪನಿಯವನು ನಮ್ಮ ಬಾಗಿಲು ಬಡಿದಾಗ ನನಗೆ ಹೆದರಿಕೆಯೇನೂ ಆಗಲಿಲ್ಲ. ಅವನ ಬಗ್ಗೆ ಅಯ್ಯೋ ಪಾಪ ಅನ್ನಿಸಿತು, ಅಷ್ಟೇ.

ನಮ್ಮಪ್ಪ ಬಿಟ್ಟುಹೋದ ಎಂಬತ್ತು ಎಕರೆಯಲ್ಲಿ ಮೇಲಿನ ಹುಲ್ಲೂ ನನ್ನದು, ಪಾತಾಳದ ಗ್ಯಾಸೂ ನನ್ನದು. (ನಡುವೆ ಬಿಲ ತೋಡುವ ಪ್ರಾಣಿಗಳ ಉಸ್ತುವಾರಿ ಮಾತ್ರ ನನ್ನ ಗಂಡ ಎಮಿಲ್‌ನದು.) ಆ ಗ್ಯಾಸನ್ನು ಗುತ್ತಿಗೆಗೆ ಕೇಳಲು ಬಂದವನ ಹೆಸರು ಕೋಲ್ಬಿ. ಒಕ್ಲಹೋಮಾದ ಹುಡುಗ, ಮಿರಮಿರ ಮಿಂಚುವ ಬೂಟು, ಕೈಯಲ್ಲಿ ಡೋನಟ್ ಡಬ್ಬಿ.

"ಅಮ್ಮಾ, ಇದು ನಮ್ಮ ಮಾಮೂಲಿ ಕರಾರು. ಎಲ್ಲರೂ ಇದಕ್ಕೇ ಸಹಿ ಹಾಕಿದ್ದಾರೆ."

"ಎಲ್ಲರೂ ಅಂದ್ರೆ ಯಾರಪ್ಪಾ? ಹೆಸರು ಹೇಳು, ಈಗಲೇ ಫೋನ್ ಮಾಡ್ತೀನಿ."

ಕೋಲ್ಬಿ ತಾನು ತಂದ ಡೋನಟ್ ತಾನೇ ತಿಂದ.

ಆರು ವಾರ ಜಗ್ಗಾಡಿದೆವು. ಗ್ಯಾಸ್ ಮಾರಿದ ಹಣದಲ್ಲಿ ಎಂಟರಲ್ಲೊಂದು ಪಾಲು ಕೊಡುತ್ತೇವೆ ಅಂದ. ಐದರಲ್ಲೊಂದು ಇಡು, ಆಮೇಲೆ ಕುರ್ಚಿಯಲ್ಲಿ ಕೂರು ಅಂದೆ. ಗ್ಯಾಸ್ ಒಣಗಿಸುವ ಖರ್ಚು, ಸಾಗಿಸುವ ಖರ್ಚು ನಿಮ್ಮ ಪಾಲಿನಿಂದ ಕಳೆಯುತ್ತೇವೆ ಅಂದ. "ನಿನ್ನ ಬೂಟಿನ ಪಾಲಿಶ್ ಖರ್ಚೂ ಅದರಲ್ಲೇ ಸೇರಿದೆಯೋ?" ಅಂತ ಕೇಳಿದೆ. ಆ ಸಾಲು ಹೊಡೆದುಹಾಕಿದ. ಮನೆ ಹಿಂದಿನ ಒರತೆಯ ನೀರನ್ನು ಬಾವಿ ಕೊರೆಯುವ ಮೊದಲೊಮ್ಮೆ, ಆಮೇಲೊಮ್ಮೆ ಪರೀಕ್ಷೆ ಮಾಡಿಸುವುದು ಅಂತ ಬರೆಸಿದೆ. ಎಲ್ಲಕ್ಕಿಂತ ಮುಖ್ಯ, ನಾನು ಪ್ರಾಣ ಕೊಟ್ಟು ಗಳಿಸಿದ ಕಲಮು: ಗ್ಯಾಸ್ ಬಾವಿ ಮನೆಯಿಂದ ಸಾವಿರ ಅಡಿ ಆಚೆಗಿರಬೇಕು, ಅದರ ಸದ್ದಾಗಲಿ ನಾತವಾಗಲಿ ಮನೆಯೊಳಗೆ ಬರಕೂಡದು.

ಕಂಪನಿ ಎಲ್ಲಕ್ಕೂ ಹೂಂ ಅಂದಿತು. ಆದರೆ ಒಂದು ಗಡುವು ಇಟ್ಟಿತು. ಶುಕ್ರವಾರ ಸಂಜೆ ಐದರೊಳಗೆ ಸಹಿ ಬೀಳಬೇಕು. ತಪ್ಪಿದರೆ ಹಳೇ ಮಾಮೂಲಿ ಕರಾರೇ ಗತಿ. ಅದೂ ಬೇಡವೆಂದರೆ ಕಂಪನಿಗೆ ಪಕ್ಕದವರ ಜಮೀನು ಸಾಕು. ನಮ್ಮ ಮಲಗುವ ಕೋಣೆಯಲ್ಲಿ ಸೋರುವ ನೀರಿಗೆ ಮೂರು ಬಕೆಟ್ ಇಟ್ಟಿದ್ದೆವು. ಕಂಪನಿ ಕೊಡುವ ಮುಂಗಡದಲ್ಲೇ ಹೊಸ ಮಾಡು ಹೊದಿಸಬೇಕಿತ್ತು.

ಈ ಆರೂ ವಾರ ಎಮಿಲ್ ಮೇಜಿನ ಆ ತುದಿಯಲ್ಲಿ ಕೂತು ಡೋನಟ್ಟನ್ನು ಕಾಫಿಯಲ್ಲಿ ಅದ್ದುತ್ತಿದ್ದ. ಅವನನ್ನು ನಾನು ಏನೂ ಕೇಳಲಿಲ್ಲ. (ಕೇಳಿದರೆ ಹೇಳುತ್ತಾನೆ. ಹೇಳಿದರೆ ಕೇಳಬೇಕಾಗುತ್ತದೆ.)

ಗುರುವಾರ ಕೋಲ್ಬಿ ಕೊನೆಯ ಹಾಳೆ ತಿರುವಿದ. "ಅಮ್ಮಾ, ಒಹಾಯೊ ಕಾನೂನಿನಲ್ಲಿ ಹೆಂಡತಿಯ ಆಸ್ತಿಗೆ ಗಂಡನ ಸಹಿಯೂ ಬೇಕು. ಯಜಮಾನರು ಇಲ್ಲೊಂದು..."

"ಹಾಕ್ತಾನೆ ಬಿಡು. ಎಮಿಲ್, ಪೆನ್ನು ತಗೋ."

ಎಮಿಲ್ ಬೆರಳಿನ ಸಕ್ಕರೆ ನೆಕ್ಕಿದ. "ಹಾಕಲ್ಲ," ಅಂದ.

"ಏನಂದೆ?"

"ಮೊದಲು ಮಾತುಕತೆ ಆಗಲಿ, ಟ್ವೈಲಾ."

ಮುದುಕನಿಗೆ ಸಕ್ಕರೆ ತಲೆಗೇರಿದೆ, ಬೆಳಗಾದರೆ ಇಳಿಯುತ್ತದೆ ಅಂದುಕೊಂಡು ಕೋಲ್ಬಿಯನ್ನು ನಾಳೆ ನಾಲ್ಕಕ್ಕೆ ಬಾ ಅಂತ ಕಳಿಸಿದೆ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಪೇಟೆಯಿಂದ ಸಾಮಾನು ತಂದು ಗಾಡಿ ಇಳಿದೆ. ನಮ್ಮ ಮನೆಯ ಮೆಟ್ಟಿಲ ಮುಂದೆ ಡ್ರಮ್ಮಿನಲ್ಲಿ ಬೆಂಕಿ ಉರಿಯುತ್ತಿದೆ. ಪಕ್ಕದಲ್ಲಿ ಮಡಚುವ ಕುರ್ಚಿ, ಕುರ್ಚಿಯಲ್ಲಿ ಎಮಿಲ್, ಎಮಿಲ್ ಕೈಯಲ್ಲಿ ಫಲಕ. ಅಟ್ಟದಲ್ಲಿದ್ದ ನನ್ನದೇ ಫಲಕ, ನನ್ನದೇ ಅಕ್ಷರ: "ಒಪ್ಪಂದವಿಲ್ಲದೆ ಕೆಲಸವಿಲ್ಲ." ಪುಣ್ಯಾತ್ಮ "ಕೆಲಸ" ಹೊಡೆದು "ಸಹಿ" ಅಂತ ಬರೆದಿದ್ದ.

"ಏಳೋ ಮೇಲೆ. ಐಸ್‌ಕ್ರೀಮ್ ಕರಗ್ತಿದೆ."

"ದಾಟ್ಕೊಂಡು ಹೋಗು. ನಾನೇನು ತಡೀತೀನಾ?"

ಅಲ್ಲೇ ಸಿಕ್ಕಿಬಿದ್ದೆ. ಮುಷ್ಕರ ಕೂತವರ ಸಾಲು ದಾಟುವುದೆಂದರೆ ದ್ರೋಹ, ಹುಟ್ಟಿದಾಗಿನಿಂದ ನಾನು ದಾಟಿಲ್ಲ. ಬೇಕರಿಯವರು ಮುಷ್ಕರ ಹೂಡಿದ ವಾರ ಮಗಳ ಮದುವೆ ಬಂತು. ಕೇಕಿನ ಬದಲು ಮೆಕ್ಕೆಜೋಳದ ಬ್ರೆಡ್ಡು ಕತ್ತರಿಸಿ ಅಂತ ಮದುಮಗನ ಕೈಗೆ ಚಾಕು ಕೊಟ್ಟವಳು ನಾನು. (ಬೀಗರು ಇವತ್ತಿಗೂ ಕ್ರಿಸ್‌ಮಸ್ ಕಾರ್ಡು ಕಳಿಸುವುದಿಲ್ಲ.) ಮೆಟ್ಟಿಲಿಗೆ ಎತ್ತಿದ ಕಾಲು ತಾನಾಗಿ ಕೆಳಗಿಳಿಯಿತು.

ಅಷ್ಟರಲ್ಲಿ ಶಾಲೆಯ ಬಸ್ಸು ಹಾದುಹೋಯಿತು. ಎಮಿಲ್ ಮೊದಲು ಓಡಿಸುತ್ತಿದ್ದ ಬಸ್ಸು. ಫಲಕ ನೋಡಿ, ಮುಷ್ಕರಕ್ಕೆ ಬೆಂಬಲ ಅಂತ ಹಾರ್ನ್ ಬಾರಿಸಿತು. ಹಿಂದಿನಿಂದ ಹಾಲಿನ ಲಾರಿಯೂ ಬಾರಿಸಿತು. ಎದುರುಮನೆಯ ಐಲೀನ್, ಆ ಚಳಿಗಾಲ ಗೇಟಿನಲ್ಲಿ ನನ್ನ ಭುಜಕ್ಕೆ ಭುಜ ಕೊಟ್ಟು ನಿಂತಿದ್ದವಳು, ಬಟ್ಟಲು ತುಂಬ ಬಿಸಿ ಸೂಪು ತಂದಳು. ನನಗಲ್ಲ, ಅವನಿಗೆ.

"ಏನಾಗಬೇಕಂತೆ ಇವನಿಗೆ?" ಅಂದೆ.

"ಅವನನ್ನೇ ಕೇಳು," ಅಂದಳು ಐಲೀನ್. "ನಾನು ಆಡಳಿತ ವರ್ಗದ ಜೊತೆ ಮಾತಾಡಲ್ಲ."

ಕೇಳಿದೆ. ಎಮಿಲ್ ಸೂಪು ಊದಿಕೊಂಡು ಕುಡಿದು ನಿಧಾನಕ್ಕೆ ಬಾಯಿ ಬಿಟ್ಟ.

"ನನ್ನ ಅಕಾರ್ಡಿಯನ್ ಎಲ್ಲಿದೆ?"

"ಕೆಳಗಿನ ಕೊಟ್ಟಿಗೇಲಿ."

"ಯಾಕೆ?"

"ಸದ್ದು."

"ನಮ್ಮಮ್ಮನ ಹುಳಿ ಕೋಸಿನ ಭರಣಿ?"

"ಅದೂ ಅಲ್ಲೇ. ನಾತ ಕಣೋ."

"ಅಳೆದು ಬಂದೆ. ಮನೆಯಿಂದ ಸಾವಿರದ ಇನ್ನೂರು ಅಡಿ. ಎಲ್ಲಿಂದಲೋ ಬಂದ ಗ್ಯಾಸ್ ಕಂಪನಿಗೆ ಸಾವಿರ ಅಡಿ ತನಕ ಬಾ ಅಂದೆ. ಕಟ್ಟಿಕೊಂಡವನ ಅಕಾರ್ಡಿಯನ್ನು ಅದಕ್ಕಿಂತ ಇನ್ನೂರು ಅಡಿ ಆಚೆ ಇಟ್ಟಿದ್ದೀಯ. ಇಪ್ಪತ್ತೆರಡು ವರ್ಷದಿಂದ."

ಐಲೀನ್ ಡ್ರಮ್ಮಿಗೆ ಇನ್ನೊಂದು ಸೌದೆ ಹಾಕಿದಳು.

ನಾಲ್ಕಕ್ಕೆ ಕೋಲ್ಬಿ ಬಂದ. ನೆಟ್ಟಗೆ ಮೆಟ್ಟಿಲ ಕಡೆಗೇ ಹೊರಟವನ ಕಾಲರ್ ಹಿಡಿದು ಎಳೆದೆ.

"ದಾಟಬೇಡ."

"ಅಮ್ಮಾ, ಇದು ನಿಮ್ಮದೇ ಮನೆ."

"ಮನೆ ನನ್ನದು. ಮುಷ್ಕರ ಅವನದು."

ಕೋಲ್ಬಿ ಗಡಿಯಾರ ನೋಡಿದ. ನಾನು ಮಾಡು ನೋಡಿದೆ. ಐಸ್‌ಕ್ರೀಮ್ ಚೀಲದಿಂದ ಸೋರಿ ನನ್ನ ಚಪ್ಪಲಿ ಸೇರುತ್ತಿತ್ತು. ದನಿ ತಗ್ಗಿಸಿ, ಜೇನು ಸವರಿ ಹೇಳಿದೆ: "ನೋಡು ಎಮಿಲ್, ಆಯ್ತು, ತಂದ್ಕೋ. ಮೊದಲು ಸಹಿ ಹಾಕು. ನಾವೆಲ್ಲ ಒಂದೇ ಕುಟುಂಬ. ನಮ್ಮ ನಮ್ಮೊಳಗೆ ಕಾಗದ ಪತ್ರ ಯಾಕೆ?"

ಎಮಿಲ್ ಐಲೀನ್ ಮುಖ ನೋಡಿದ. ಐಲೀನ್ ನನ್ನ ಮುಖ ನೋಡಿದಳು. ಆಗ ನನಗೇ ಕೇಳಿಸಿತು, ಆ ಮಾತು ಯಾರದ್ದೆಂದು. ಪಿಂಗಾಣಿ ಕಾರ್ಖಾನೆ ಮಾಲೀಕ ಗೇಟಿನ ಒಳಗಡೆ ನಿಂತು, ತುಪ್ಪಳದ ಟೋಪಿ ಹಾಕಿಕೊಂಡು, ಇದನ್ನೇ ಹೇಳಿದ್ದ. ಅವನ ಟೋಪಿಗೆ ನಾನು ಹಿಡಿಯಿಲ್ಲದ ಕಪ್ಪು ಎಸೆದಿದ್ದೆ. ಅವತ್ತು ನನಗೆ ಸೂಪು ತಂದಿದ್ದ ಎಮಿಲ್ ಪಾತ್ರೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ನಾನು ಆ ಚಳಿಗಾಲವಿಡೀ ಮಾಡಿದ ಭಾಷಣಗಳನ್ನೆಲ್ಲ ಒಂದಕ್ಷರ ಬಿಡದೆ ಕೇಳಿಸಿಕೊಂಡವನು ಅವನೊಬ್ಬನೇ ಅಂತ ಈಗ ಗೊತ್ತಾಯಿತು.

"ಬರಿ," ಅಂದೆ ಕೋಲ್ಬಿಗೆ.

ಡೋನಟ್ ಡಬ್ಬಿಯ ಮುಚ್ಚಳದ ಮೇಲೆ ಬರೆದ. ಭರಣಿ ನೆಲಮಾಳಿಗೆಗೆ. ಅಕಾರ್ಡಿಯನ್ ಮುಂದಿನ ಕೋಣೆಗೆ, ಭಾನುವಾರಕ್ಕೊಂದು ಗಂಟೆ ನುಡಿಸುವುದು. ಮುಂದೆ ಮನೆಗೆ ಸಂಬಂಧಪಟ್ಟ ಯಾವ ಮಾತುಕತೆಯಲ್ಲೂ ಎಮಿಲ್‌ಗೆ ಮೇಜಿನ ಮಧ್ಯದ ಕುರ್ಚಿ. ನಾನು ಪೆನ್ನು ಎತ್ತಿದೆ.

"ಬಾಕಿ?" ಅಂದ ಎಮಿಲ್.

"ಯಾವ ಬಾಕಿ?"

"ಇಪ್ಪತ್ತೆರಡು ವರ್ಷದ ಭಾನುವಾರಗಳು."

ಬಾಕಿ ಬಾಕಿಯೇ ಅಂತ ಊರಿಗೆಲ್ಲ ಸಾರಿಕೊಂಡು ಬಂದವಳು ಇಲ್ಲ ಅನ್ನುವುದು ಹೇಗೆ? ಬಾಕಿ ತೀರುವ ತನಕ ದಿನಾ ಸಂಜೆ ಒಂದು ಗಂಟೆ ಅಂತ ಸೇರಿಸಿ ಸಹಿ ಹಾಕಿದೆ. ಕರಾರಿಗೆ ಎಮಿಲ್ ಸಹಿ ಬಿತ್ತು. ಕೋಲ್ಬಿ ಮುಚ್ಚಳಕ್ಕೂ ಮೊಹರು ಒತ್ತಿದ, ಕರಾರಿಗೂ ಒತ್ತಿದ. ಐದಕ್ಕೆ ಹತ್ತು ನಿಮಿಷ ಇತ್ತು. ಎಮಿಲ್ ಡ್ರಮ್ಮಿಗೆ ನೀರು ಸುರಿದು, ನನ್ನ ಚೀಲಗಳನ್ನೂ ಎತ್ತಿಕೊಂಡು, ಬಾಗಿಲು ತೆರೆದು ಹಿಡಿದ.

ಮಾಡು ಹೊಸದಾಯಿತು. ಒಂದು ಹನಿ ಸೋರುವುದಿಲ್ಲ. ಅದೇ ತೊಂದರೆ, ಸದ್ದು ಹೊರಗೆ ಹೋಗಲು ಒಂದು ತೂತೂ ಉಳಿದಿಲ್ಲ. ಎಮಿಲ್‌ಗೆ ಬರುವುದು ಮೂರೇ ಪೋಲ್ಕಾ ಕುಣಿತದ ಧಾಟಿ, ಮೂರನೆಯದು ಅರ್ಧ. ನೆಲಮಾಳಿಗೆಯಿಂದ ಕೋಸು ತಾನೂ ಇದ್ದೇನೆ ಅನ್ನುತ್ತದೆ. ತಡೆಯಲಾರದೆ ಕೋಲ್ಬಿಗೆ ಫೋನ್ ಮಾಡಿ, ಬಾವಿಯನ್ನು ಇನ್ನೂರು ಅಡಿಗೆ ತರಬಹುದೇ, ಯಂತ್ರದ ಗದ್ದಲದಲ್ಲಿ ಇದು ಮುಚ್ಚಿಹೋಗಲಿ ಅಂತ ಕೇಳಿದೆ.

"ಆಗಲ್ಲ ಅಮ್ಮಾ. ಸಾವಿರ ಅಡಿ ಅಂತ ನೀವೇ ಬರೆಸಿದ್ದೀರಿ. ಸದ್ದು ಬರಕೂಡದು ಅಂತಾನೂ."

ಈಗ ಮೆಟ್ಟಿಲ ಮುಂದಿನ ಮಡಚುವ ಕುರ್ಚಿಯಲ್ಲಿ ನಾನು ಮುಷ್ಕರ ಕೂತಿದ್ದೇನೆ. ಡ್ರಮ್ಮು ಹೊತ್ತಿಸಿದ್ದೇನೆ. ಹೋಗುವ ಗಾಡಿಗಳೆಲ್ಲ ಹಾರ್ನ್ ಬಾರಿಸುತ್ತವೆ, ತನ್ನ ಪೋಲ್ಕಾಗೆ ಮೆಚ್ಚುಗೆ ಅಂದುಕೊಂಡು ಒಳಗಿನಿಂದ ಎಮಿಲ್ "ಥ್ಯಾಂಕ್ಸ್" ಅನ್ನುತ್ತಾನೆ. ಆದ್ದರಿಂದ ಇಷ್ಟು ದೂರ ಓದಿದ ನಿಮಗೇ ಹೇಳುತ್ತಿದ್ದೇನೆ: ಈ ದಾರಿಯಲ್ಲಿ ಬಂದರೆ ಸುಮ್ಮನೆ ಹಾರ್ನ್ ಬಾರಿಸಿ ಹೋಗಬೇಡಿ. ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಬೆಂಬಲ ಯಾರಿಗೆ ಅಂತ ಹೆಸರು ಹಿಡಿದು ಕೂಗಿ ಹೇಳಿ. ಬರುವಾಗ ಸೂಪು ತನ್ನಿ.