ನಗೆಯ ಸರಬರಾಜು ಮತ್ತು ಕರಿಯ ನಟನ ಮದುವೆ

ಟೀವಿಯಲ್ಲಿ ಕೇಳಿಬರುವ ನಗು ತಾನಾಗಿ ಹುಟ್ಟುವುದಿಲ್ಲ. ಅದನ್ನು ಮುದ್ರಿಸಿ, ದರ್ಜೆ ವಿಂಗಡಿಸಿ ಸರಬರಾಜು ಮಾಡುವವನು ನಾನು. ಕಿಸಿಕಿಸಿ, ಗಹಗಹ, ಹೊಟ್ಟೆಹುಣ್ಣು. ಮಾಲಿನಲ್ಲಿ ಮೋಸವಿಲ್ಲ.

ನನ್ನ ದೊಡ್ಡ ಗಿರಾಕಿ ಒಂದು ಹಾಸ್ಯ ಧಾರಾವಾಹಿ. ಅದರಲ್ಲೊಂದು ಕಚೇರಿ; ಅಲ್ಲಿ ಎಲ್ಲರೂ ಬಿಳಿಯರು, ಲೆಕ್ಕಿಗನೊಬ್ಬ ಮಾತ್ರ ಕರಿಯ. ವಾಹಿನಿಯ ನಿಯಮ ಸರಳ: ಬಿಳಿಯರು ತಮಾಷೆ ಮಾಡಿದರೆ ನಗು, ಕರಿಯ ಬಾಗಿಲು ತೆರೆದರೇ ನಗು. ಅವನಿಗೆ ಬಡ್ತಿ ಸಿಕ್ಕಾಗ ಗಹಗಹ ಹೋಯಿತು, ಜ್ವರ ಬಂದಾಗ ಹೊಟ್ಟೆಹುಣ್ಣು.

ಆ ನಟ ಒಂದು ದಿನ ನನ್ನ ಅಂಗಡಿಗೇ ಬಂದ.

"ಯಜಮಾನ್ರೇ, ಮುಂದಿನ ವಾರ ನಾನು ಟೈಪಿಸ್ಟ್ ಹುಡುಗೀನ ಮದುವೆ ಆಗ್ತೀಯಾ ಅಂತ ಕೇಳೋ ದೃಶ್ಯ ಇದೆ. ಅಲ್ಲೊಂದು ಕಡೆ ನಗು ಬೇಡ."

"ಯಾಕಪ್ಪಾ?"

"ಆ ಪಾತ್ರ ಮಾಡೋಳನ್ನೇ ನಾನು ನಿಜವಾಗ್ಲೂ ಮದುವೆ ಆಗ್ಬೇಕು ಅಂತಿದೀನಿ. ಅವಳ ತಾಯಿ, 'ಟೀವಿಲಿ ಹೇಗೆ ಕೇಳ್ತಾನೋ ನೋಡಿ ಹೇಳ್ತೀನಿ' ಅಂದಿದಾರೆ."

ಮೌನದ ದಾಸ್ತಾನು ನನ್ನಲ್ಲಿಲ್ಲ ಎಂದು ಅವನನ್ನು ವಾಹಿನಿಗೆ ಕಳಿಸಿದೆ. ವ್ಯವಸ್ಥಾಪಕರು ಸಭೆ ಕರೆದು ವಿಶೇಷ ಅನುಮತಿ ಕೊಟ್ಟರು. ದೃಶ್ಯದ ಕೆಳಗೆ ಪ್ರಕಟಣೆಯೂ ಹರಿಯಿತು: "ಸದರಿ ಲೆಕ್ಕಿಗನ ಪ್ರೇಮವನ್ನು ಈ ಒಂದು ಬಾರಿಗೆ ಪ್ರೇಮವೆಂದೇ ಪರಿಗಣಿಸತಕ್ಕದ್ದು. ಇದು ಮುಂದಕ್ಕೆ ಪೂರ್ವನಿದರ್ಶನವಾಗತಕ್ಕದ್ದಲ್ಲ."

ಭಾವೀ ಅತ್ತೆ ಎದ್ದುಹೋಗಿ ಟೀವಿಯ ಬೆನ್ನಿಗೆ ನಾಲ್ಕು ಬಾರಿಸಿದರಂತೆ. "ಹಾಳಾದ್ದು, ನಗೋ ಸದ್ದೇ ಬರ್ತಿಲ್ಲ!" ಆ ದಿನ ಊರಿನ ಟೀವಿ ರಿಪೇರಿಯವರಿಗೆಲ್ಲ ಕೈತುಂಬ ಕೆಲಸ.

ದೂರುಗಳ ಒತ್ತಡಕ್ಕೆ ವಾಹಿನಿ ಮರುದಿನ ಅದೇ ದೃಶ್ಯವನ್ನು ಹೊಟ್ಟೆಹುಣ್ಣು ಸಮೇತ ಮರುಪ್ರಸಾರ ಮಾಡಿತು. ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಮಗಳ ಬೆನ್ನು ತಟ್ಟಿದರು.

"ನಿನ್ನೆ ಎದೆ ಧಸಕ್ ಅಂದಿತ್ತು ಕಣೇ, ನಿಜವಾಗ್ಲೂ ಕೇಳ್ತಿದಾನೇನೋ ಅಂತ! ಇಂಥ ತಮಾಷೆ ಹುಡುಗನ್ನ ಯಾರಾದ್ರೂ ಬಿಡ್ತಾರಾ? ಆಗು ಮದುವೆ."

ನೋಂದಣಿ ಕಚೇರಿಗೆ ಆ ತಾಯಿಯೇ ನನ್ನನ್ನು ನಗುವಿನ ಯಂತ್ರ ಸಮೇತ ಕರೆಸಿದ್ದರು. ವ್ಯಾಪಾರ ವ್ಯಾಪಾರವೇ, ಹೋದೆ.

"ಸಮ್ಮತಿ ಇದೆಯೇ?" ಅಧಿಕಾರಿ ಕೇಳಿದರು.

"ಇದೆ," ಎಂದಳು ಮದುಮಗಳು. ಕೋಣೆ ನಿಶ್ಶಬ್ದವಾಯಿತು. ತಾಯಿ ಕಣ್ಣೊರೆಸಿಕೊಂಡರು.

"ಇದೆ," ಎಂದ ಮದುಮಗ.

ಗುಂಡಿ ಒತ್ತಿದೆ. ಅಧಿಕಾರಿ ಪೆನ್ನು ಮೇಲೆತ್ತಿ ಹಿಡಿದು, ನಗು ಮುಗಿಯಲೆಂದು ಮರ್ಯಾದೆಯಿಂದ ಕಾದರು. ಮದುಮಗನೂ ಕಾದ. ನುರಿತ ನಟ, ನಗುವಿನ ನಡುವೆ ಬಾಯಿ ಹಾಕುವವನಲ್ಲ.