ಕಪಾಟಿನಲ್ಲಿಟ್ಟ ಅಪ್ಪ

ಆ ಶಿಶುವಿಹಾರದೊಳಗೆ ಪೋಷಕರಿಗೆ ಪ್ರವೇಶವಿಲ್ಲ. ವಸ್ತುಗಳಿಗೆ ಇದೆ.

ಪಾತ್ರೆ ವ್ಯಾಪಾರಿಗೆ ಈ ನಿಯಮದಲ್ಲಿ ತಪ್ಪೇನೂ ಕಾಣಲಿಲ್ಲ. ಅವನ ಅಂಗಡಿಯಲ್ಲೂ ಗಿರಾಕಿಗಳು ಮೇಜಿನ ಈಚೆ, ಸಾಮಾನು ಆಚೆ. ತೊಂದರೆ ಬಂದದ್ದು ಮಗಳಿಂದ. "ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ ಕಂದಾ" ಎಂದು ಗೇಟಿನಲ್ಲಿ ಬಿಟ್ಟು ತಿರುಗುವಷ್ಟರಲ್ಲಿ ಅವಳು ಅವನ ಅಂಗಿಯ ಚುಂಗು ಹಿಡಿದು, ಬೀದಿಯೇ ನಿಂತು ನೋಡುವಂತೆ ಅರಚುತ್ತಿದ್ದಳು. ದಿನಾ ಇದೇ ರಂಪ. ಅತ್ತೂ ಅತ್ತೂ ಅವಳಿಗೆ ಜ್ವರ. ಇವನಿಗೆ ಅಂಗಡಿಯಲ್ಲಿ ಕೈ ಓಡದೆ, ಬಾಣಲೆ ಕೇಳಿದವರಿಗೆ ಬಕೆಟ್ಟು ಕಟ್ಟಿಕೊಡುವುದು.

ಆಗ ಮುಖ್ಯೋಪಾಧ್ಯಾಯಿನಿಯವರು ಪ್ರಕಟಣೆ ಹೊರಡಿಸಿದರು: "ಅಗಲಿಕೆಯ ದುಃಖದಿಂದ ಬಳಲುವ ಮಕ್ಕಳು ಮನೆಯಿಂದ ಒಂದು ಸಾಂತ್ವನ ವಸ್ತುವನ್ನು ತರತಕ್ಕದ್ದು. ಸದರಿ ವಸ್ತುವು ತಬ್ಬಿಕೊಳ್ಳಲು ಯೋಗ್ಯವಾಗಿರಬೇಕು. ಬ್ಯಾಟರಿ, ಚೂಪಾದ ತುದಿ ಹಾಗೂ ಗಾಢ ವಾಸನೆ ಇರಕೂಡದು."

ವ್ಯಾಪಾರಿ ಗೊಂಬೆ ತಂದ, ದಿಂಬು ತಂದ, ಅಂಗಡಿಯಿಂದ ಹೊಳೆಯುವ ಪುಟ್ಟ ಚೊಂಬನ್ನೂ ತಂದ. ಮಗಳು ಎಲ್ಲವನ್ನೂ ಗೇಟಿನಾಚೆ ಎಸೆದಳು.

"ಮನೇಲಿ ಏನನ್ನ ತಬ್ಬಿಕೊಂಡು ಮಲಗ್ತಾಳೆ?" ಮುಖ್ಯೋಪಾಧ್ಯಾಯಿನಿ ಕೇಳಿದರು.

"ನನ್ನನ್ನೇ, ಮೇಡಂ."

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಬ್ಯಾಟರಿ ಇರಲಿಲ್ಲ. ಮೂಗಿನ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಅಂಥಾ ಚೂಪಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮ ಅವನನ್ನು ಮೂಸಿ ನೋಡಿ, "ಪಾತ್ರೆ ಉಜ್ಜೋ ಪುಡಿ ವಾಸನೆ, ಅಷ್ಟೇ. ತೊಳೆದ್ರೆ ಹೋಗತ್ತೆ" ಅಂದಳು.

ಹೀಗೆ ವ್ಯಾಪಾರಿ ನಿಯಮಬದ್ಧವಾಗಿ ಒಳಗೆ ಬಂದ. ಅವನ ಕತ್ತಿಗೆ ಮಗಳ ಹೆಸರಿನ ಚೀಟಿ ಕಟ್ಟಿ, ಕಪಾಟಿನ ಕೆಳಹಲಗೆಯಲ್ಲಿ, ಒಕ್ಕಣ್ಣಿನ ಕರಡಿಗೂ ನೂಲು ಬಿಟ್ಟ ಕಂಬಳಿಗೂ ನಡುವೆ ಕೂರಿಸಿದರು. ವಸ್ತುಗಳು ಹೊರಗೆ ಹೋಗಿ ಬಂದರೆ ಕೊಳೆ ಅಂಟುವುದರಿಂದ ರಾತ್ರಿಯೂ ಅಲ್ಲೇ. ವಸ್ತುಗಳಿಗೆ ಊಟ ಹಾಕಲು ಅವಕಾಶವಿಲ್ಲವಾದ್ದರಿಂದ ಅವನ ಅನ್ನವನ್ನು 'ನಿರ್ವಹಣೆ' ಎಂದು ಕರೆಯಲಾಯಿತು. ಶನಿವಾರ ಕರಡಿಯ ಜೊತೆ ತೊಳೆದು ಬಿಸಿಲಿಗಿಡುತ್ತಿದ್ದರು.

ಮಗಳ ಅಳು ನಿಂತಿತು. ಮೊದಮೊದಲು ಗಳಿಗೆಗೊಮ್ಮೆ ಓಡಿಬಂದು ತಬ್ಬಿಕೊಳ್ಳುತ್ತಿದ್ದಳು. ಆಮೇಲೆ ಊಟದ ಹೊತ್ತಿಗೊಮ್ಮೆ. ಆಮೇಲೆ ಮರಳಿನಲ್ಲಿ ಆಡುವಾಗ ದೂರದಿಂದಲೇ ಕೈ ಬೀಸುತ್ತಿದ್ದಳು. ವ್ಯಾಪಾರಿಗೆ ಸಂತೋಷವಾಯಿತು, ಜೊತೆಗೆ ದಿಗಿಲೂ ಆಯಿತು. ಕಪಾಟಿನಲ್ಲಿ ಕೂತ ಮಾಲಿನ ಗತಿ ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಮೇಡಂ, ನಾನಿನ್ನು ಹೊರಡ್ಲಾ? ಅಂಗಡಿ ಇದೆ."

ಮುಖ್ಯೋಪಾಧ್ಯಾಯಿನಿ ಆಯಮ್ಮನ ಕಡೆ ತಿರುಗಿದರು. "ಇದು ಏನೋ ಅಂತಿದೆ, ನೋಡಿ."

ಮಗುವಿನ ಅಪೇಕ್ಷೆಯ ಹೊರತು ವಸ್ತುವನ್ನು ಹಿಂದಿರುಗಿಸುವಂತಿಲ್ಲ. ಆಯಮ್ಮ ಮಗಳನ್ನು ಕರೆದು ಕೇಳಿದಳು: "ಅಪ್ಪನ್ನ ಮನೆಗೆ ತಗೊಂಡು ಹೋಗ್ತೀಯೇನೇ ಪುಟ್ಟೀ?"

"ಬೇಡ, ಇಲ್ಲೇ ಇರ್ಲಿ. ಹೊಸಾ ಪಾಪು ಅಳ್ತಿದೆ ಪಾಪ, ಅದಕ್ಕೆ ಕೊಡಿ."

ಕೊಟ್ಟರು. ಹೊಸ ಪಾಪು ಅವನ ಕಿವಿ ಚೀಪುತ್ತಾ ಸುಮ್ಮನಾಯಿತು. ವಾರದೊಳಗೆ ಗೇಟಿನ ಮೇಲೆ ಫಲಕ ಬಂತು: 'ಇಲ್ಲಿ ಜೀವಂತ ಸಾಂತ್ವನ ವಸ್ತುವಿನ ಸೌಲಭ್ಯವಿದೆ.' ಅರ್ಜಿ ಹಿಡಿದ ಪೋಷಕರ ಸಾಲು ಬೀದಿಯ ತಿರುವಿನವರೆಗೂ ಬೆಳೆಯಿತು.

ಹೆಂಡತಿ ಕಿಟಕಿಗೆ ಬಂದಳು. "ಅಂಗಡಿ ಏನಾಯ್ತೇ?" ಎಂದು ವ್ಯಾಪಾರಿ ಪಿಸುಗುಟ್ಟಿದ.

"ಚೆನ್ನಾಗೇ ಇದೆ. ನೀವಿಲ್ಲ ಅಂತ ಗೊತ್ತಾದ್ಮೇಲೆ ಗಿರಾಕಿಗಳು ಧೈರ್ಯವಾಗಿ ಒಳಗೆ ಬರ್ತಿದಾರೆ."

"ನನ್ನ ಬಿಡಿಸ್ಕೊಂಡು ಹೋಗೇ."

"ನಾನು ಕೇಳ್ದೆ ಕಣ್ರೀ. ಪೋಷಕರು ವಸ್ತುಗಳನ್ನ ಮುಟ್ಟೋ ಹಾಗಿಲ್ವಂತೆ."

ಮಗಳಿಗೆ ಮಹಡಿಯ ಮೇಲಿನ ದೊಡ್ಡ ಮಕ್ಕಳ ತರಗತಿಗೆ ಬಡ್ತಿ ಸಿಕ್ಕಿತು. ಅಲ್ಲಿಗೆ ಸಾಂತ್ವನ ವಸ್ತುಗಳನ್ನು ಒಯ್ಯುವಂತಿಲ್ಲ. ಅಂದು ಬೆಳಿಗ್ಗೆ ಅವಳು ಚೀಲ ಹೆಗಲಿಗೇರಿಸಿ ಕಪಾಟಿನ ಮುಂದೆ ನಿಂತಾಗ ವ್ಯಾಪಾರಿ ಅವಳ ಫ್ರಾಕಿನ ಚುಂಗು ಹಿಡಿದುಕೊಂಡ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಅತ್ತುಬಿಟ್ಟ.

ಮಗಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಅಳಬಾರ್ದು ಅಪ್ಪಾ. ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ" ಎಂದು ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು. ಮಗುವನ್ನು ಗೇಟಿನಲ್ಲಿ ಬಿಟ್ಟು ಹೋಗುವಾಗ ತಿರುಗಿ ನೋಡಬಾರದೆಂದು ಪೋಷಕರಿಗೆ ಕೊಟ್ಟ ಸೂಚನೆ ಅವಳಿಗೂ ಬಾಯಿಪಾಠವಾಗಿತ್ತು.

ಸಂಸ್ಥೆಗೆ ಮನುಷ್ಯತ್ವ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಅದೇ ಮಧ್ಯಾಹ್ನ ತಿದ್ದುಪಡಿ ಹೊರಟಿತು: "ಅಗಲಿಕೆಯ ದುಃಖದಿಂದ ಬಳಲುವ ವಸ್ತುವು ಮನೆಯಿಂದ ಒಂದು ಸಾಂತ್ವನ ವಸ್ತುವನ್ನು ಪಡೆಯತಕ್ಕದ್ದು."

ಹೆಂಡತಿ ಅಂಗಡಿಯಿಂದ ಒಂದು ಸ್ಟೀಲ್ ಸೌಟು ತಂದು ಕಿಟಕಿಯಿಂದ ಚಾಚಿದಳು. ವ್ಯಾಪಾರಿ ಅದನ್ನು ಎದೆಗವಚಿಕೊಂಡ. ಬಿಕ್ಕು ನಿಧಾನಕ್ಕೆ ಇಳಿಯಿತು. ಮುಖ್ಯೋಪಾಧ್ಯಾಯಿನಿ ತೃಪ್ತಿಯಿಂದ ತಲೆದೂಗಿದರು. ಆಯಮ್ಮ ಸೌಟಿಗೂ ಒಂದು ಚೀಟಿ ಕಟ್ಟಿದಳು.

"ಹುಷಾರು ಕಣ್ರೀ," ಅಂದಳು ಹೆಂಡತಿ ಹೊರಡುತ್ತಾ. "ಅದು ಮಾರೋ ಮಾಲು. ಗೀರು ಬೀಳದ ಹಾಗೆ ತಬ್ಬಿಕೊಳ್ಳಿ."